ಎರಡು ದಿನದ ಗಿರಾಕಿ

ತುಮಕೂರಿನಿಂದ ಬಂದಿದ್ದ ಅತಿಥಿ ಎರಡನೆಯ ಸಲವೂ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಾಗ ದ್ರಾಕ್ಷಾಯಿಣಿ ಒಲೆಯ ಮುಂದೆಯೇ ಕಣ್ಣು ಮುಚ್ಚಿದಳು. "ಬಗ್ಗಿ ಬರ್ರಿ ಸರ್, ಬಗ್ಗಿ," ಎಂದು ಅವಳ ಗಂಡ ಗೌರೀಶ ಹೇಳುವಷ್ಟರಲ್ಲಿ ಆಗುವುದು ಆಗಿಹೋಗಿತ್ತು.

ಸಾಣಾಪುರದ ಈ ಎರಡು ಕೋಣೆಯ ಮನೆಯನ್ನು ಅವರು ಕೊಂಡದ್ದು ಬೇಸಿಗೆಯಲ್ಲಿ. ಕೆರೆ ನೋಡಲು, ಬಂಡೆ ಹತ್ತಲು ಜನ ಬಂದೇ ಬರುತ್ತಾರೆ, ದಿನದ ಬಾಡಿಗೆಗೆ ಬಿಟ್ಟರೆ ಮನೆಯೇ ದುಡಿಯುತ್ತದೆ ಎಂದು ಗೌರೀಶ ಗಂಗಾವತಿಯ ತನ್ನ ಪಂಪ್‌ಸೆಟ್ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ್ದ. ಸಾಲ ಮಾತ್ರ ಶಾಲಾ ಶಿಕ್ಷಕಿಯಾದ ಹೆಂಡತಿಯ ಸಂಬಳದ ಮೇಲೆ. ಅವಳು ಮನೆಯನ್ನು ನೋಡಿದ್ದು ನೋಂದಣಿ ಮುಗಿದ ಮೇಲೆ. ಬಾಗಿಲು ಗಿಡ್ಡ, ಬಚ್ಚಲು ಅಂಗಳದ ಆಚೆ ತುದಿಗೆ, ಕಪಾಟು ತೆರೆದರೆ ಗೆದ್ದಲು. "ಬಣ್ಣ ಬಡದ್ರ ಎಲ್ಲಾ ಛಲೋ ಕಾಣತೈತಿ," ಎಂದಿದ್ದ. ಬಣ್ಣ ಬಡಿಸಿದ್ದೂ, ಈಗ ದಸರೆ ರಜೆಯಲ್ಲಿ ಮೊದಲ ಅತಿಥಿಗಳಿಗೆ ರೊಟ್ಟಿ ಬಡಿಯುತ್ತಿರುವುದೂ ಅವಳೇ.

ಅಷ್ಟರಲ್ಲಿ ಅಂಗಳದಿಂದ ಕಿರುಚಾಟ ಕೇಳಿಸಿತು. ಅತಿಥಿಯ ಹೆಂಡತಿ ಬಚ್ಚಲ ಬಾಗಿಲನ್ನು ಅರ್ಧ ತೆರೆದು, ತಲೆಗೆ ಟವೆಲ್ ಸುತ್ತಿಕೊಂಡು ಅಲ್ಲೇ ನಿಂತುಬಿಟ್ಟಿದ್ದಳು. ಅವಳಿಗೂ ಮನೆಗೂ ನಡುವೆ ಪಕ್ಕದ ಮನೆಯ ಪಾರಮ್ಮನ ಎಮ್ಮೆಗಳು ಒಂದರ ಹಿಂದೊಂದು ಸಾವಕಾಶವಾಗಿ ಹಾದುಹೋಗುತ್ತಿದ್ದವು. ಕೊನೆಯದು ಅಂಗಳದ ನಟ್ಟನಡುವೆ ನಿಂತು ಸಗಣಿ ಹಾಕಿತು.

"ಫೋಟೋದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ?" ಎಂದ ಅತಿಥಿ, ಹಣೆ ಉಜ್ಜಿಕೊಳ್ಳುತ್ತಾ. ಸ್ವಲ್ಪ ಹೊತ್ತಿನಲ್ಲೇ ಸಾಮಾನು ತುಂಬಿಕೊಂಡ ಅವರ ಕಾರು ಆನೆಗೊಂದಿಯ ಕಡೆ ತಿರುಗಿತು. ರೊಟ್ಟಿಯನ್ನು ಮುಟ್ಟಿಯೂ ನೋಡಲಿಲ್ಲ.

ದ್ರಾಕ್ಷಾಯಿಣಿ ಹಿಟ್ಟಿನ ಕೈಯಲ್ಲೇ ಪಾರಮ್ಮನ ಎದುರು ಹೋಗಿ ನಿಂತಳು. "ಏನ್ ಬೇ, ಮಂದಿ ಇರೂ ಮನ್ಯಾಗ ಎಮ್ಮಿ ಹೊಡಕೊಂಡ್ ಬರತೀರಿ? ನಾಳೆನ ಗೇಟ್ ಹಾಕಸ್ತೀನಿ ನೋಡ್ರಿ!"

ಪಾರಮ್ಮ ಸಿಟ್ಟಾಗಲಿಲ್ಲ. "ಗೇಟ್ ಹಾಕಿದ್ರ ನನ್ನ ಎಮ್ಮಿ ಹಾರಿ ಹೊಕ್ಕಾವನು ತಂಗಿ? ನಮಗ ಇದೊಂದ ದಾರಿ. ನಿನ್ನ ಗಂಡಗ ಖರೀದಿ ಮುಂಚೇನ ಹೇಳೇನಿ. ಹಾದು ಹೋಗ್ಲಿ ಬಿಡವ್ವಾ ಅಂದಾನ."

ದ್ರಾಕ್ಷಾಯಿಣಿ ಹಿಂತಿರುಗಿ ನೋಡಿದಳು. ಗೌರೀಶ ಸಗಣಿ ಬಳಿಯಲು ಸಲಿಕೆ ಹುಡುಕುವವನಂತೆ ಅತ್ತ ಸರಿದ.

"ನಿಮಗ ಗೊತ್ತಿತ್ತನ್ರಿ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಬ್ಯಾಡ ಅಂತೀನಿ ಅಂತ ಗೊತ್ತಿತ್ತು. ಅದಕ್ಕ ಹೇಳಲಿಲ್ಲ. ಸಹಿ ಮಾತ್ರ ನಂದು ಬೇಕಾಗಿತ್ತು."

ಅವನು ಮಾತು ತಪ್ಪಿಸಿ ಬೈಕಿನ ಕೀಲಿ ತೆಗೆದ. "ಆತು, ಹೊಳ್ಳಿ ಮಾತಾಡೂಣು. ನಡಿ, ಅವ್ವ ಕಾಯಾಕತ್ತಿರತಾಳ. ತಮ್ಮನ ಮಾವನ ಮನಿಯವರೂ ಬರಾವ್ರದಾರ."

ಗಂಗಾವತಿಯ ಆ ಮನೆ ಅವಳ ಕಣ್ಣ ಮುಂದೆ ಬಂತು. ಅತ್ತೆ, ಮೈದುನನ ಸಂಸಾರ, ದಿನವೂ ಒಬ್ಬರಲ್ಲ ಒಬ್ಬರು ನೆಂಟರು. ಮಕ್ಕಳ ಉತ್ತರಪತ್ರಿಕೆಗಳನ್ನು ಅವಳು ತಿದ್ದುತ್ತಿದ್ದದ್ದು ಅಡುಗೆ ಕಟ್ಟೆಯ ಮೇಲೆ, ಒಗ್ಗರಣೆ ಸಿಡಿಯದಂತೆ ಸೆರಗು ಮುಚ್ಚಿ.

"ನಾ ಬರಾಂಗಿಲ್ಲ," ಎಂದಳು.

"ಅಂದ್ರ?"

"ಎರಡು ದಿನಕ್ಕ ಬುಕ್ ಆಗೇತಲ್ಲ ಮನಿ. ನಾನ ಇರತೀನಿ."

"ತಲಿ ಕೆಟ್ಟೈತೇನ ನಿನಗ? ಅವ್ವಗ ಏನ್ ಹೇಳ್ಲಿ?"

"ಗಿರಾಕಿ ಬಂದಾರ ಅಂತ ಹೇಳ್ರಿ."

ಅವನು ಬಹಳ ಹೊತ್ತು ಗೊಣಗಿದ. ಕಡೆಗೆ ಬೈಕನ್ನು ಬೇಕೆಂದೇ ಜೋರಾಗಿ ಒದ್ದು ಹೊರಟ.

ಅವಳು ಕೈ ತೊಳೆದು, ಒಲೆಯ ಮೇಲೆ ಎಲ್ಲವನ್ನೂ ಬಿಸಿ ಮಾಡಿ, ಅತಿಥಿಗಳಿಗೆಂದು ತಂದ ಹೊಸ ತಟ್ಟೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಹಾಕಿಕೊಂಡು ಬಿಸಿ ಇರುವಾಗಲೇ ಕೂತು ಉಂಡಳು. ಉಣ್ಣುತ್ತಾ ಒಮ್ಮೆ ಅಳು ಬಂತು. ಅತ್ತು, ಇನ್ನೊಂದು ರೊಟ್ಟಿ ಹಾಕಿಕೊಂಡಳು. ಆಮೇಲೆ ಬಾಗಿಲಿಗೆ ಚಿಲಕ ಹಾಕಿ, ಇಸ್ತ್ರಿಯ ಗೆರೆ ಮಾಸದ ಹಾಸಿಗೆಯ ಮೇಲೆ ಮಲಗಿದಳು. ರೂಢಿಯಂತೆ ಗೋಡೆಯ ಕಡೆ, ಅಂಚಿಗೆ, ಮೈ ಮುದುರಿಕೊಂಡು.

ಫ್ಯಾನು ತಿರುಗುತ್ತಿತ್ತು. ಯಾರೂ ಕರೆಯಲಿಲ್ಲ. ತುಸು ಹೊತ್ತಾದ ಮೇಲೆ ಅವಳು ಕಾಲು ಚಾಚಿ, ಮೆಲ್ಲಗೆ ಹಾಸಿಗೆಯ ನಡುವಿಗೆ ಸರಿದಳು.