ಹಲಗೆ ಮೀನು

ಹೊನ್ನಯ್ಯ ಗಲ್ಲಿಯ ತಿರುವು ದಾಟಿದಾಗ ಇಬ್ಬರು ಬೀದಿಯ ನಡುವೆ ಕುಕ್ಕರಗಾಲಲ್ಲಿ ಕೂತು ಹಸಿ ಬಿದಿರು ಸೀಳುತ್ತಿದ್ದರು. ಅವನ ಒಂದು ಬಗಲಲ್ಲಿ ಛತ್ರಿ, ಇನ್ನೊಂದರಲ್ಲಿ ಬೆಳಿಗ್ಗೆ ಶಿವಮೊಗ್ಗದ ಪೇಟೆಯಲ್ಲಿ ಕಟ್ಟಿಸಿಕೊಂಡು ಬಂದ ಸೀರೆಯ ಪೊಟ್ಟಣ. ಬಳಸಿಕೊಂಡು ಮುಂದೆ ಹೋಗಲು ನೋಡಿದ, ದಾರಿ ಸಾಲಲಿಲ್ಲ. ಅಲ್ಲಿಯೇ ನಿಂತು, ಮರದ ಡಿಪೋದಲ್ಲಿ ಕೆಲಸ ಮಾಡುವ ಮಾಸ್ತಮ್ಮನ ಮನೆ ಯಾವುದೆಂದು ಕೇಳಿದ.

ಮಚ್ಚು ಹಿಡಿದಿದ್ದವನು ತಲೆಯೆತ್ತಿದ. ಅವನು ಜಂಬಣ್ಣ. ಕಬ್ಬಿಣದ ಕಾರ್ಖಾನೆಯ ಡಿಪೋದಲ್ಲಿ ಮಾಸ್ತಮ್ಮನ ಜೊತೆ ವರ್ಷಗಟ್ಟಲೆ ದಿಮ್ಮಿ ಹೊತ್ತವನು. ರಜೆಯ ದಿನ ಭದ್ರಾ ಹೊಳೆಯಲ್ಲಿ ಬಲೆ ಬೀಸುವವನು.

"ನೀವು ಹೊಳಲೂರಿಂದ ಬಂದ್ರಾ?"

ಹೊನ್ನಯ್ಯ ಹೌದೆಂದ. ತಾನು ಅವಳ ಅಣ್ಣ, ಇವತ್ತು ಊಟಕ್ಕೆ ಬರಲು ಹೇಳಿದ್ದಳು ಎಂದ.

ಜಂಬಣ್ಣ ಮಚ್ಚನ್ನು ನೆಲಕ್ಕಿಟ್ಟು ಎದ್ದು ನಿಂತ. "ಬೆಳಗ್ಗೆನೇ ಒಬ್ಬನ್ನ ಕಳಿಸಿದ್ವಿ ಸ್ವಾಮಿ, ಸುದ್ದಿ ಹೇಳಿ ಬಾ ಅಂತ. ದಾರೀಲಿ ನಿಮ್ಮನ್ನ ತಪ್ಪಿಸ್ಕೊಂಡಿರ್ಬೇಕು."

ಹೊನ್ನಯ್ಯ ಅವನ ಮುಖ ನೋಡಲಿಲ್ಲ, ಸೀಳಿದ ಬಿದಿರನ್ನೇ ನೋಡುತ್ತಾ ನಿಂತ. ಆಮೇಲೆ ಛತ್ರಿಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಜನ ನಿಂತಿದ್ದ ಬಾಗಿಲ ಕಡೆ ನಡೆದ.

ಆ ಬೆಳಿಗ್ಗೆ ಮಾಸ್ತಮ್ಮ ಎಂದಿಗಿಂತ ಬೇಗ ಎದ್ದಿದ್ದಳಂತೆ. ಅಂಗಳ ಸಾರಿಸಿದಳು. ಜಂಬಣ್ಣ ನಸುಕಿನಲ್ಲಿ ತಂದುಕೊಟ್ಟ ಬಿಳಿಮೀನನ್ನು ಹಸನು ಮಾಡಿ, ಬೆನ್ನು ಸೀಳಿ ಅಗಲಿಸಿದಳು. ಒರಳ ಮುಂದೆ ಕೂತು ಮಸಾಲೆ ಅರೆದಳು. ಅದನ್ನು ಮೀನಿಗೆ ಸವರಿ ಮುಗಿಸಿ, ಎದೆ ಯಾಕೋ ಹಿಡಿದ ಹಾಗಿದೆ ಎಂದು ಗೋಡೆಗೆ ಒರಗಿದಳು. ಮಗಳು ಸೀತಾ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಒಳಗೆ ಸೀತಾ ತಾಯಿಯ ತಲೆಯ ಬಳಿ ಕೂತಿದ್ದಳು. ಸೋದರಮಾವನನ್ನು ನೋಡಿ ಮತ್ತೆ ತಾಯಿಯ ಮುಖದತ್ತ ತಿರುಗಿದಳು. ಅವಳ ಗಂಡ ಯುದ್ಧಕ್ಕೆ ಸೇರಿ ಸಮುದ್ರದಾಚೆ ಬಸ್ರಾದಲ್ಲಿದ್ದ. ಸಾವಿನ ಮನೆಯ ಓಡಾಟವನ್ನೆಲ್ಲ ಎದುರು ಮನೆಯ ಅಂಜಲೈ ವಹಿಸಿಕೊಂಡಿದ್ದಳು. ಫಿಟ್ಟರನ ಹೆಂಡತಿ, ಸೇಲಂ ಕಡೆಯವಳು. ಈ ಗಲ್ಲಿಯಲ್ಲೇ ಕನ್ನಡ ಕಲಿತವಳು. ಹೆಣದ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು.

"ಎಷ್ಟು ತೊಳೆದ್ರೂ ಹೋಗ್ತಿಲ್ಲ. ಉಗುರಲ್ಲಿ ಖಾರ ಕೂತ್ಬಿಟ್ಟಿದೆ," ಎಂದಳು ಯಾರಿಗೆಂದಿಲ್ಲದೆ. ಆಮೇಲೆ ಹೊನ್ನಯ್ಯನ ಕಡೆ ತಿರುಗಿ ತವರಿನಿಂದ ಸೀರೆ ಬರಬೇಕಲ್ಲ, ಇಲ್ಲೇ ಅಂಗಡಿಯಲ್ಲಿ ತರಿಸಲೇ ಎಂದು ಕೇಳಿದಳು.

ಹೊನ್ನಯ್ಯ ಬಗಲಿನ ಪೊಟ್ಟಣವನ್ನು ಕೊಟ್ಟ. ಹಸಿರು ಅಂಚಿನ ಕಂದು ಸೀರೆ. ಯಾರಿಗೆ ಎಂದು ಅಂಗಡಿಯವನು ಕೇಳಿದಾಗ ತಂಗಿಗೆ ಎಂದಿದ್ದ. ಆ ಮಾತು ಅವನ ಬಾಯಲ್ಲಿ ಬಂದು ಎಷ್ಟೋ ವರ್ಷಗಳಾಗಿದ್ದವು.

*

ಮಾಸ್ತಮ್ಮನ ಗಂಡ ಪ್ಲೇಗಿನಲ್ಲಿ ಸತ್ತಾಗ ಸೀತಾ ಇನ್ನೂ ಮೊಲೆ ಬಿಟ್ಟಿರಲಿಲ್ಲ. ತಾಯಿ ಮಗು ಹೊಳಲೂರಿಗೆ, ಅಣ್ಣನ ಮನೆಗೆ ಬಂದರು. ಅಲ್ಲಿ ಭತ್ತಕ್ಕೆ ಕೊರತೆಯಿರಲಿಲ್ಲ, ಬೈಯುವವರೂ ಇರಲಿಲ್ಲ. ಆದರೂ ಬೆಂಕಿಪುರದಲ್ಲಿ, ಈಗಿನ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆ ಏಳುತ್ತಿದೆ, ಹೆಂಗಸರಿಗೂ ಕೂಲಿ ಇದೆ ಎಂದು ಕೇಳಿದ ದಿನ ಅವಳು ಹೊರಟು ನಿಂತಳು. ಯಾಕೆಂದು ಅತ್ತಿಗೆ ಕರಿಯಮ್ಮ ಕೇಳಿದ್ದಕ್ಕೆ, "ಇಲ್ಲಿ ನಾನು ಉಂಡ್ರೆ ಯಾರೂ ಬೇಡ ಅನ್ನಲ್ಲ ಅತ್ತಿಗೆ. ಉಣ್ಣದಿದ್ರೂ ಯಾರೂ ಕೇಳಲ್ಲ," ಎಂದಿದ್ದಳು. ನಮ್ಮ ಮನೆಯ ಹೆಣ್ಣು ಕೂಲಿಗೆ ಹೋದರೆ ಮತ್ತೆ ಈ ಹೊಸ್ತಿಲು ತುಳಿಯುವುದು ಬೇಡ ಎಂದು ಹೊನ್ನಯ್ಯ ಹೇಳಿದ. ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಗಾಡಿ ಹತ್ತಿದಳು.

ಮೊದಲು ಇಟ್ಟಿಗೆ ಹೊತ್ತಳು. ಆಮೇಲೆ ಅಮೆರಿಕದಿಂದ ಬಂದ ಇಂಜಿನಿಯರೊಬ್ಬನ ಬಂಗಲೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಅವನ ಹೆಂಡತಿಯನ್ನು ಎಲ್ಲರೂ ಮಿಸ್ಸಮ್ಮ ಎನ್ನುತ್ತಿದ್ದರು. ಉದ್ದನೆಯ, ಬಿಸಿಲಿಗೆ ಕೆಂಪೇರುತ್ತಿದ್ದ ಹೆಂಗಸು. ಬಟ್ಲರನ ಅಡಿಗೆ ಅವಳಿಗೆ ಸೇರುತ್ತಿರಲಿಲ್ಲ. ಒಂದು ಭಾನುವಾರ ತಾನೇ ಅಡಿಗೆಮನೆಗೆ ಬಂದು, ಭದ್ರೆಯ ದೊಡ್ಡ ಮೀನೊಂದನ್ನು ಮುಂದಿಟ್ಟುಕೊಂಡು, ಒಂದು ಹಲಗೆ ಬೇಕು ಎಂದು ಕೈಸನ್ನೆ ಮಾಡಿದಳು. ಕೂರುವ ಮಣೆಯೆಂದು ತಿಳಿದು ಮಾಸ್ತಮ್ಮ ಮಣೆ ತಂದಳು. ಮಿಸ್ಸಮ್ಮ ನಕ್ಕುಬಿಟ್ಟಳು.

ಮಿಸ್ಸಮ್ಮನ ಊರಿನಲ್ಲಿ ಮೀನನ್ನು ಹಲಗೆಯ ಮೇಲಿಟ್ಟು ಸುಡುತ್ತಾರೆಂದು ಮಾಸ್ತಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಹಲಗೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಬೇಕು. ಮೀನಿಗೆ ಉಪ್ಪು, ಮೆಣಸು, ಬೆಣ್ಣೆ, ಒಂದು ಚೂರು ಬೆಲ್ಲ ಸವರಿ, ಚರ್ಮ ಕೆಳಗಾಗುವಂತೆ ಹಲಗೆಯ ಮೇಲೆ ಹರಡಿ, ಹಲಗೆಯನ್ನೇ ಕೆಂಡದ ಮೇಲಿಡಬೇಕು. ನೆನೆದ ಮರ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಮೀನು ಬೇಯುತ್ತದೆ. ಯಾವ ಮರ ಎಂಬುದು ಮಾತ್ರ ಮಿಸ್ಸಮ್ಮನಿಗೂ ಇಲ್ಲಿ ಗೊತ್ತಿರಲಿಲ್ಲ. ಇಬ್ಬರೂ ಡಿಪೋದ ಚೂರು ಹಲಗೆಗಳನ್ನು ತರಿಸಿ ನೋಡಿದರು. ತೇಗ ಕಹಿಯಾಯಿತು. ಮತ್ತಿ ಒಗರಾಯಿತು. ಹೊನ್ನೆಯ ಹಲಗೆ ಮೀನನ್ನೆಲ್ಲ ಕೆಂಪು ಮಾಡಿತು, ಮಿಸ್ಸಮ್ಮನ ಮಕ್ಕಳು ಮುಟ್ಟಲಿಲ್ಲ. ಕೊನೆಗೆ ಗಂಧಗರಿಗೆ ಮರದ ಹಲಗೆ ಹೊಗೆಯಾಡಿದಾಗ ಮಿಸ್ಸಮ್ಮ ಒಂದು ತುಂಡು ಬಾಯಿಗಿಟ್ಟುಕೊಂಡು, ಮಕ್ಕಳ ಎದುರಿಗೇ ಅತ್ತಳು.

ಅವಳ ಊರಿನ ಹೊಳೆಯಲ್ಲಿ ಹುಟ್ಟಿದ ಮೀನು ಸಮುದ್ರಕ್ಕೆ ಹೋಗುತ್ತದಂತೆ. ವರ್ಷಗಳ ಮೇಲೆ ಅದೇ ಹೊಳೆಗೆ, ನೀರಿಗೆ ಎದುರಾಗಿ ಈಜಿ ವಾಪಸು ಬರುತ್ತದಂತೆ. ತುಂಡು ಕನ್ನಡದಲ್ಲಿ ಮಿಸ್ಸಮ್ಮ ಇದನ್ನು ಹೇಳಿದಾಗ ಮಾಸ್ತಮ್ಮ, "ಮನೆಯವರು ಒಳಕ್ಕೆ ಬಿಡ್ತಾರಾ?" ಎಂದು ಕೇಳಿದಳು. ಮಿಸ್ಸಮ್ಮನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಕಾರ್ಖಾನೆ ಎದ್ದು ನಿಂತ ಮೇಲೆ ಅವರು ತಮ್ಮ ದೇಶಕ್ಕೆ ಹೋದರು. ಮಾಸ್ತಮ್ಮ ಡಿಪೋಗೆ ಸೇರಿದಳು. ಬೆಣ್ಣೆಯ ಬದಲು ಎಳ್ಳೆಣ್ಣೆ ಬಂತು, ಬೆಲ್ಲ ಉಳಿಯಿತು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಸಿನ, ಹುಣಸೆಹುಳಿ ಸೇರಿದವು. ದೊಡ್ಡ ಮೀನು ಸಿಕ್ಕಿದ ಭಾನುವಾರ ಅವಳ ಅಂಗಳದಲ್ಲಿ ಹೊಗೆ ಎದ್ದರೆ ಗಲ್ಲಿಯವರು ತಮ್ಮ ತಮ್ಮ ಅನ್ನದ ತಟ್ಟೆ ಹಿಡಿದು ಬಂದು ಸುತ್ತ ಕೂರುತ್ತಿದ್ದರು. ಅದಕ್ಕೆ ಹಲಗೆ ಮೀನು ಎಂದು ಹೆಸರಿಟ್ಟವಳು ಅಂಜಲೈ.

*

ಚಟ್ಟ ಸಿದ್ಧವಾಯಿತು. ಗಂಡುಮಕ್ಕಳಿಲ್ಲ, ಅಳಿಯ ಊರಲ್ಲಿಲ್ಲ, ದೇವರು ಕಳಿಸಿದ ಹಾಗೆ ಒಡಹುಟ್ಟಿದವನು ಬಂದಿದ್ದಾನೆ, ಅವನೇ ಬೆಂಕಿ ಇಡಲಿ ಎಂದು ಬೀದಿಯ ಹಿರಿಯರು ಮಾತಾಡಿಕೊಂಡರು. ಹೊನ್ನಯ್ಯ ಅಂಗಿ ತೆಗೆದು ಹೆಗಲ ಮೇಲೆ ಪಂಚೆ ಹೊದ್ದುಕೊಂಡ.

ಸೀತಾ ಎದ್ದು ಬಾಗಿಲಿಗೆ ಬಂದಳು.

"ಬೇಡ," ಎಂದಳು.

ಎಲ್ಲರೂ ಅವಳತ್ತ ತಿರುಗಿದರು.

"ಅವಳ ಕೈಯೂಟ ಉಂಡೋರು ಬೆಂಕಿ ಇಡಲಿ. ಜಂಬಣ್ಣಮಾಮ ಇಡಲಿ."

ಜಂಬಣ್ಣ ಗಾಬರಿಯಾದ. ಒಡಹುಟ್ಟಿದವರಿರುವಾಗ ತಾನು ಬೇರೆ ಜಾತಿಯವನು ಇಡುವುದು ಸರಿಯಲ್ಲ, ಸತ್ತವಳಿಗೂ ಒಳ್ಳೆಯದಲ್ಲ ಎಂದು ಹಿಂದೆ ಸರಿದ. ಹಿರಿಯರೊಬ್ಬರು ಸೀತಳಿಗೆ ಬುದ್ಧಿ ಹೇಳಲು ಹೋದರು. ಅವಳು ಮಾವನನ್ನೇ ನೋಡುತ್ತಿದ್ದಳು. ಅವನು ಗದರಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

ಹೊನ್ನಯ್ಯ ಬೆಂಕಿಯ ಮಡಕೆಯನ್ನು ತಾನೇ ಎತ್ತಿ ಜಂಬಣ್ಣನ ಕೈಗೆ ಕೊಟ್ಟ. "ಮಗು ಹೇಳಿದಂಗೇ ಆಗ್ಲಿ. ಹಿಡ್ಕೋ ಮಾರಾಯ," ಎಂದ. ಆಮೇಲೆ ಹಿಂದೆ ಹೋಗಿ, ಚಟ್ಟದ ಎಡಗಡೆಯ ಬಿದಿರಿಗೆ ಹೆಗಲು ಕೊಟ್ಟ.

*

ಒಂದೇ ಒಂದು ಸಲ ಮಾಸ್ತಮ್ಮ ಹಲಗೆ ಮೀನನ್ನು ಹೊಳಲೂರಿಗೆ ಒಯ್ದಿದ್ದಳು. ಸೀತಳಿಗೆ ಆಗ ಹತ್ತು ವರ್ಷವಿರಬಹುದು. ಸುಟ್ಟ ಮೀನನ್ನು ಬಾಳೆಲೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು, ಶಿವಮೊಗ್ಗದ ತನಕ ರೈಲಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ತಾಯಿ ಮಗಳು ಬಂದರು. ಹೊನ್ನಯ್ಯ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಬಂಗಲೆಯಲ್ಲಿ ಬೇಯುತ್ತಿದ್ದ ಮಾಂಸ ಎಂಥದೆಂದು ಊರಿಗೆಲ್ಲ ಗೊತ್ತಿತ್ತು.

"ಅದನ್ನ ಬೇಯಿಸಿದ ಕೈ ತಾನೆ ಇದು?" ಎಂದು ಕೇಳಿದ.

"ಹೂಂ ಅಣ್ಣ. ಇವಳನ್ನ ಸಾಕಿದ್ದೂ ಇದೇ ಕೈ."

ಅವನು ಹಗ್ಗದಿಂದ ಕಣ್ಣೆತ್ತಲಿಲ್ಲ. ಬುಟ್ಟಿಯನ್ನು ಅಂಗಳದಲ್ಲೇ ಇಟ್ಟು, ತಾಯಿ ಮಗಳು ಬಂದ ಗಾಡಿಯಲ್ಲೇ ಹಿಂತಿರುಗಿದರು. ಸೀತಾ ಶಿವಮೊಗ್ಗದ ತನಕ ಹಿಂದೆ ತಿರುಗಿ ನೋಡುತ್ತಲೇ ಇದ್ದಳು, ಯಾರಾದರೂ ಕರೆಯಲು ಬರಬಹುದೆಂದು.

ಆ ಬುಟ್ಟಿ ಏನಾಯಿತೆಂದು ಹೊನ್ನಯ್ಯ ಕೇಳಿರಲಿಲ್ಲ. ಹೋದ ವರ್ಷ ಕರಿಯಮ್ಮ ಜ್ವರದಲ್ಲಿ ಮಲಗಿ, ಗಂಜಿಯೂ ಇಳಿಯದೆ ಹೋದಾಗ, ಒಂದು ಮಧ್ಯಾಹ್ನ ಅವಳು ತಾನಾಗಿ ನಕ್ಕಳು. ಏನೆಂದು ಅವನು ಬಗ್ಗಿ ಕೇಳಿದ.

"ನಿನ್ನ ತಂಗಿ ಮೀನು ತಂದಿದ್ಲಲ್ಲ, ಅವತ್ತು ಬಣವೆ ಹಿಂದೆ ನಿಂತ್ಕೊಂಡು ಪೂರಾ ತಿಂದ್ಬಿಟ್ಟೆ. ಹೊಗೆ ವಾಸನೆ, ಒಂಚೂರು ಸಿಹಿ. ಈಗ ಒಂದು ತುಂಡು ಸಿಕ್ಕಿದ್ರೆ ತಿಂತಿದ್ದೆ."

ಭದ್ರಾವತಿಗೆ ಹೇಳಿ ಕಳಿಸೋಣವೆಂದು ಹೊನ್ನಯ್ಯನಿಗೆ ಅನಿಸಿತು. ಯಾವ ಬಾಯಲ್ಲಿ ಕೇಳುವುದು ಎಂದೂ ಅನಿಸಿತು. ನಾಳೆ ಕಳಿಸೋಣ ಎಂದುಕೊಳ್ಳುತ್ತಲೇ ಕರಿಯಮ್ಮ ತೀರಿಕೊಂಡಳು. ಸುದ್ದಿ ಕೇಳಿ ಮಾಸ್ತಮ್ಮ ಬಂದಳು. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ತಿಥಿ ಮುಗಿಯುವ ತನಕ ಹೊರಗೇ ಇದ್ದು ಪಾತ್ರೆ ತೊಳೆದಳು, ಜಗುಲಿಯ ಮೇಲೆ ಮಲಗಿದಳು. ಹೊರಡುವಾಗ, ಒಂದು ಸಲ ನನ್ನ ಮನೆಗೆ ಊಟಕ್ಕೆ ಬಾ ಅಣ್ಣ ಎಂದಳು. ಆಗಲಿ ಎಂದ. ಕೊಯ್ಲು ಬಂತು, ಒಕ್ಕಲು ಬಂತು, ಎತ್ತಿಗೆ ಕಾಲುಬೇನೆ ಬಂತು. ಕೊನೆಗೆ ಹೋದ ವಾರವಷ್ಟೇ, ಈ ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿದ್ದ.

*

ಹೊಳೆಯಲ್ಲಿ ಮುಳುಗೆದ್ದು ಗಂಡಸರು ಒದ್ದೆ ಬಟ್ಟೆಯಲ್ಲೇ ಹಿಂತಿರುಗಿದಾಗ ಹೊತ್ತು ಇಳಿಯುತ್ತಿತ್ತು. ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿಕೊಂಡು ಒಬ್ಬೊಬ್ಬರಾಗಿ ಹೊರಟರು. ಅಂಜಲೈ ತನ್ನ ಮನೆಯಲ್ಲಿ ಅನ್ನ, ಬೇಳೆ ಬೇಯಿಸಿ ತಂದಿದ್ದಳು. ಮೀನಿನ ಬೋಗುಣಿಯನ್ನು ಬೆಳಿಗ್ಗೆಯಿಂದ ಯಾರೂ ಮುಟ್ಟಿರಲಿಲ್ಲ. ಅದನ್ನೀಗ ಅವಳು ಹೊರಗೆ ತಂದು, ಮೇಲಿನ ಒದ್ದೆ ಬಟ್ಟೆ ಸರಿಸಿ, ಏನು ಮಾಡುವುದೆಂದು ಕೇಳಿದಳು. ಹೊಳೆಗೆ ಬಿಟ್ಟು ಬರುತ್ತೇನೆ ಎಂದು ಜಂಬಣ್ಣ ಕೈ ನೀಡಿದ.

"ನನಗೆ ಕೊಡಿ," ಎಂದ ಹೊನ್ನಯ್ಯ. ಅವನು ಜಗುಲಿಯ ಅಂಚಿನಲ್ಲಿ ಕೂತಿದ್ದ.

ಇನ್ನೂ ಅಲ್ಲೇ ಇದ್ದ ಹಿರಿಯರು ಮುಖ ಮುಖ ನೋಡಿಕೊಂಡರು. ಸೂತಕದ ಮೊದಲ ದಿನ, ಒಡಹುಟ್ಟಿದವನು, ಮೀನು ಮುಟ್ಟಬಾರದು ಎಂದು ಒಬ್ಬರು ಮೆಲ್ಲಗೆ ನೆನಪಿಸಿದರು.

"ಗೊತ್ತು. ನನಗೆ ಅಂತ ಮಾಡಿದ್ದಲ್ವಾ. ಉಣ್ತೀನಿ."

ಹಿರಿಯರು ಎದ್ದು ಹೋದರು. ಜಂಬಣ್ಣ ಎಲ್ಲಿ ನೋಡುವುದೆಂದು ತಿಳಿಯದೆ ತನ್ನ ಒದ್ದೆ ಪಂಚೆಯನ್ನು ಹಿಂಡುತ್ತಾ ನಿಂತ. ಹೊನ್ನಯ್ಯ ಸೀತಳ ಕಡೆ ನೋಡಲಿಲ್ಲ. ಅವಳು ಬಾಗಿಲ ಪಟ್ಟಿಗೆ ತಲೆ ಆನಿಸಿ ಕೂತಿದ್ದಳು. ಆಮೇಲೆ ಎದ್ದು, ತಲೆಗೂದಲನ್ನು ಗಂಟು ಹಾಕಿಕೊಂಡು, ಹಿತ್ತಲ ಬಾನಿಯಲ್ಲಿ ತಾಯಿ ರಾತ್ರಿಯೇ ನೆನೆಹಾಕಿದ್ದ ಹಲಗೆಯನ್ನು ಎತ್ತಿದಳು. ನೀರು ಸುರಿಸುತ್ತಿದ್ದ ಅದನ್ನು ಎದೆಗಾನಿಸಿಕೊಂಡು ಗಲ್ಲಿ ದಾಟಿ ಅಂಜಲೈಯ ಅಂಗಳಕ್ಕೆ ನಡೆದಳು. ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚುವಂತಿರಲಿಲ್ಲ.

ಅಂಜಲೈ ಇದ್ದಿಲು ಸುರಿದು ಕೆಂಡ ಮಾಡಿಕೊಟ್ಟಳು. ಸೀತಾ ಹಲಗೆಯ ಮೇಲೆ ಮೀನನ್ನು ಹರಡಿದಳು. ತಾಯಿಯ ಬೆರಳು ಹರಿದಾಡಿದ ಗೆರೆಗಳು ಮಸಾಲೆಯ ಮೇಲೆ ಹಾಗೇ ಇದ್ದವು. ಅವು ಅಳಿಯದಂತೆ ಎಣ್ಣೆ ಹನಿಸಿದಳು. ಹಲಗೆಯ ಅಂಚು ಚಿಟಚಿಟ ಎಂದು ಹೊಗೆ ಎದ್ದಿತು. ಆ ವಾಸನೆ ಗಲ್ಲಿಯಲ್ಲಿ ಹರಡಿದಾಗ ಒಂದೆರಡು ಬಾಗಿಲು ತೆರೆದುಕೊಂಡವು. ತಟ್ಟೆ ಹಿಡಿದು ಯಾರೂ ಬರಲಿಲ್ಲ. ಜಂಬಣ್ಣ ಮಾತ್ರ ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತು ಅತ್ತ.

ಅಂಜಲೈ ಎಲೆ ಹಾಕಿ ಅನ್ನ ಬಡಿಸಿದಳು. ಸೀತಾ ಮೀನಿನ ನಡುತುಂಡನ್ನು ಬಿಡಿಸಿ ಎಲೆಗಿಟ್ಟಳು. ಹೊನ್ನಯ್ಯ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ. ನುಂಗದೆ ಹಾಗೇ ಇಟ್ಟುಕೊಂಡು ಕೂತ.

"ಹೆಂಗಿದೆ ಅಂತ ಕೇಳಕ್ಕೆ ಅವಳಿಲ್ಲ," ಎಂದಳು ಸೀತಾ. ಮಧ್ಯಾಹ್ನದಿಂದ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಅವನು ತಲೆಯಾಡಿಸಿ, ನುಂಗಿ, ಮತ್ತೊಂದು ತುತ್ತು ಕಲಸಿದ. ಬೆಳಕು ಕಮ್ಮಿಯಾಗಿತ್ತು, ವಯಸ್ಸಾದ ಕಣ್ಣಿಗೆ ಮುಳ್ಳು ಕಾಣುತ್ತಿರಲಿಲ್ಲ. ಅವನು ಬೆರಳಿನಿಂದ ತಡವಿ ತಡವಿ ಹುಡುಕುತ್ತಿದ್ದ. ಒಮ್ಮೆ ಗಂಟಲಲ್ಲಿ ಸಿಕ್ಕಿ ಕೆಮ್ಮಿದ.

ಸೀತಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಎದುರಿಗೆ ಕೂತು, ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ತಲೆ ಬಗ್ಗಿಸಿ ಮೀನಿನ ತುಂಡನ್ನು ಎಳೆ ಎಳೆಯಾಗಿ ಬಿಡಿಸಿ, ಸಿಕ್ಕಿದ ಒಂದೊಂದೇ ಮುಳ್ಳನ್ನು ಎಲೆಯ ಅಂಚಿಗೆ ಸಾಲಾಗಿ ಇಡುತ್ತಾ ಹೋದಳು. ಹೊನ್ನಯ್ಯ ಎಂಜಲುಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ಅವಳು ಮುಗಿಸುವ ತನಕ ಕಾದು ಕೂತಿದ್ದ.