ಕೀಲಿಯೊಡನೆ ಹತ್ತುವ ದೀಪ

ಕಾರಿನ ದೀಪ ಹಾಕುವುದನ್ನು ನಮ್ಮ ಯಜಮಾನರು ಮರೆಯತೊಡಗಿದ್ದು ಎಂಬತ್ತೊಂದರ ಮಳೆಗಾಲದಲ್ಲಿ. ಜಯನಗರದ ನಮ್ಮ ರಸ್ತೆಯ ತಿರುವಿನಲ್ಲೇ ಒಂದು ಮುಸ್ಸಂಜೆ ಸೈಕಲ್ಲಿನವನೊಬ್ಬ ಗಾಬರಿಯಿಂದ ಪಕ್ಕಕ್ಕೆ ಎಳೆದುಕೊಂಡು ಬಿದ್ದ. ನಮ್ಮ ಬೂದು ಬಣ್ಣದ ಫಿಯಟ್ ಅವನಿಗೆ ಕಂಡೇ ಇರಲಿಲ್ಲ. ಎದ್ದು ಮೊಣಕೈ ಒರೆಸಿಕೊಂಡು, "ಲೈಟ್ ಹಾಕ್ಕೊಳಿ ಅಂಕಲ್" ಎಂದಷ್ಟೇ ಹೇಳಿ ಹೋದ. ಬೈಯಲಿಲ್ಲ. ಮರುದಿನ ಸಂಜೆಯೂ ಇವರು ಮರೆತರು.

"ವಯಸ್ಸಾಯ್ತಲ್ಲೇ ಅಲಮೇಲು" ಎಂದು ನಗುತ್ತಿದ್ದರು. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮನುಷ್ಯ. ನನಗೆ ನಗು ಬರುತ್ತಿರಲಿಲ್ಲ. ಹಾಲಿನವಳ ಹೆಸರು, ಕನ್ನಡಕ ಇಟ್ಟ ಜಾಗ, ಈಗ ದೀಪ. ಮುಂದೇನು ಎಂದು ಯೋಚಿಸಲು ಹೆದರಿ, ದೀಪವೊಂದು ಸರಿಹೋದರೆ ಸಾಕು ಎಂದುಕೊಂಡೆ. ನಾನೇ ಹಟ ಹಿಡಿದು ಸಿದ್ದಾಪುರದ ಆಟೋ ಎಲೆಕ್ಟ್ರಿಷಿಯನ್ ದೇವದಾಸನ ಅಂಗಡಿಗೆ ಕರೆದೊಯ್ದೆ.

"ನೋಡಪ್ಪಾ, ನಮ್ಮನೆಯವಳಿಗೆ ನನ್ನ ಮೇಲೆ ನಂಬ್ಕೆ ಇಲ್ಲ. ಕಾರು ಸ್ಟಾರ್ಟ್ ಮಾಡಿದ್ರೆ ದೀಪ ತಾನಾಗೇ ಹತ್ಕೋಬೇಕಂತೆ."

"ಅಮ್ಮ ಹೇಳೋದು ಸರಿ ಸಾರ್. ಸ್ವಿಚ್ಚಿಂದ ವೈರ್ ಬಿಚ್ಚಿ ಕೀಗೇ ಕೊಟ್ಬಿಡ್ತೀನಿ. ಕೀ ತಿರುಗಿಸಿದ್ರೆ ಹಿಂದೆ ಮುಂದೆ ಲೈಟ್ ಎಲ್ಲಾ ಆನ್, ಕೀ ಆಫ್ ಮಾಡಿದ್ರೆ ಆಫ್. ನೀವ್ ಮರೀಬೇಕು ಅಂದ್ರೂ ಆಗಲ್ಲ."

"ಹಾಗೇ ಇವಳ ಬಾಯಿಗೂ ಒಂದು ವೈರ್ ಕೊಟ್ಬಿಡು" ಎಂದರು ಇವರು. ದೇವದಾಸ್ ನಗು ತಡೆದುಕೊಂಡು, ನೆರಳಿಗೆ ಸ್ಟೂಲು ಎಳೆದು ನನ್ನನ್ನು ಕೂರಿಸಿದ.

ಅಂದಿನಿಂದ ಹಾಡುಹಗಲಲ್ಲೂ ನಮ್ಮ ಕಾರಿನ ದೀಪ ಉರಿಯುತ್ತಿತ್ತು. ಎದುರು ಬರುವ ಆಟೋದವರು, ಸ್ಕೂಟರಿನವರು, ಬಸ್‌ಸ್ಟಾಪಿನಲ್ಲಿ ನಿಂತ ಹೆಂಗಸರು ಕೂಡ ಬೆರಳು ಮಡಿಸಿ ಬಿಚ್ಚಿ, ದೀಪ ಉರಿಯುತ್ತಿದೆ ಎಂದು ಸನ್ನೆ ಮಾಡುತ್ತಿದ್ದರು. ಊರಿಗೆ ಊರೇ ನಮ್ಮ ಬ್ಯಾಟರಿಯ ಚಿಂತೆ ಮಾಡುತ್ತಿದೆಯಲ್ಲ ಎಂದು ನನಗೆ ಸಂತೋಷವಾಗುತ್ತಿತ್ತು. ನಾನು ಎಲ್ಲರಿಗೂ ಕೈ ಮುಗಿಯುತ್ತಿದ್ದೆ.

ಒಂದು ಭಾನುವಾರ ಕೋಣನಕುಂಟೆಯಾಚೆ ತೋಟದಲ್ಲಿದ್ದ ಇವರ ಗೆಳೆಯರ ಮನೆಗೆ ಹೋಗಿದ್ದೆವು. ಹೊರಡುವಾಗ ಹೊತ್ತು ಮುಳುಗುತ್ತಿತ್ತು. ಕನಕಪುರ ರಸ್ತೆ ಆಗ ಕಿರಿದು. ಎರಡೂ ಕಡೆ ಮರಗಳು, ಬೀದಿದೀಪವಿಲ್ಲ, ಜಲ್ಲಿ ತುಂಬಿದ ಲಾರಿಗಳ ಓಡಾಟ. ಏರು ಮುಗಿಸಿ ಕಾರು ಇಳಿಜಾರಿಗೆ ಬಂದಿತು. ಇವರು ಗೇರನ್ನು ನ್ಯೂಟ್ರಲ್‌ಗೆ ತಂದು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರು.

ಪೆಟ್ರೋಲಿನ ಬೆಲೆ ದಿಢೀರನೆ ಏರಿದ ಕಾಲದಿಂದ ಇಳಿಜಾರು ಕಂಡರೆ ಹಾಗೆ ಮಾಡುವುದು ಇವರ ರೂಢಿ. ಆಗ ಕಾರಿದ್ದ ಬಹಳ ಜನ ಮಾಡುತ್ತಿದ್ದರು. ಜಯನಗರದ ಸಮತಟ್ಟು ರಸ್ತೆಗಳಲ್ಲಿ ಅದು ನಮ್ಮ ನೆನಪಿಗೇ ಬಂದಿರಲಿಲ್ಲ. ದೇವದಾಸನಿಗೂ ಹೇಳಿರಲಿಲ್ಲ.

ಮೀಟರಿನ ಮೇಲಿನ ಸಣ್ಣ ಬೆಳಕು ಆರಿತು. ಎಂಜಿನ್ ಸದ್ದೂ ಇಲ್ಲ. ಕತ್ತಲೆಯಲ್ಲಿ ಟೈರಿನ ಸರಸರ ಮಾತ್ರ. ಏನಾಗಿದೆಯೆಂದು ನನಗೆ ಹೊಳೆಯುವಷ್ಟರಲ್ಲಿ ಹಿಂದಿನ ಗಾಜಿನಲ್ಲಿ ಎರಡು ದೊಡ್ಡ ಬೆಳಕು ಕಂಡವು. ಲಾರಿ.

"ರೀ, ದೀಪ! ನಾವು ಅವನಿಗೆ ಕಾಣಲ್ಲ ರೀ!"

"ಅದು ತಾನಾಗೇ ಹತ್ಕೊಳತ್ತಲ್ಲೇ" ಎಂದರು ಇವರು, ನೆಮ್ಮದಿಯಾಗಿ.

ಬೆಳಕು ಬೆಳೆಯುತ್ತ ಕಾರಿನೊಳಗೆಲ್ಲ ತುಂಬಿತು. ಇವರ ಕಿವಿಯ ಹಿಂದಿನ ನರೆಗೂದಲು ಒಂದೊಂದೂ ಕಂಡಿತು. ನಾನು ಬಗ್ಗಿ ಕೀಲಿ ಹುಡುಕಿದೆ. ಬೆರಳು ಜಾರಿತು. ಮತ್ತೆ ಹಿಡಿದು ತಿರುಗಿಸಿದೆ.

ಹಿಂದೆ ಬ್ರೇಕು ಕಿರುಚಿತು. ಲಾರಿ ನಮ್ಮನ್ನು ತಪ್ಪಿಸಿ ಎಡಗಡೆಯ ಮಣ್ಣಿಗೆ ಇಳಿದು, ಜಲ್ಲಿ ಚೆಲ್ಲಿ ನಿಂತಿತು. ಇವರು ಕಾರನ್ನು ಸ್ವಲ್ಪ ಮುಂದೆ ನಿಲ್ಲಿಸಿದರು.

ಲಾರಿಯ ಡ್ರೈವರ್ ಕೂಗುತ್ತಲೇ ಬಂದ. "ಸಾಯೋಕೆ ನನ್ ಲಾರೀನೇ ಬೇಕಿತ್ತೇನ್ರೀ? ಲೈಟಿಲ್ಲ, ಏನಿಲ್ಲ, ದೆವ್ವ ಬಂದಂಗೆ ಬರ್ತೀರಲ್ಲ!" ಕಿಟಕಿಯಲ್ಲಿ ಬಗ್ಗಿ ನೋಡಿದವನು ಇವರ ನರೆತ ತಲೆ ಕಂಡು ದನಿ ತಗ್ಗಿಸಿದ. ಹೋಗಿ ನೀರಿನ ಕ್ಯಾನು ತಂದ.

"ಕುಡೀರಿ ಯಜಮಾನ್ರೇ. ಏನೂ ಆಗಿಲ್ವಲ್ಲ." ನನ್ನ ಕಡೆ ತಿರುಗಿ, "ಅಮ್ಮಾ, ನಾನು ಮುಂದೆ ಮೆಲ್ಲಗೆ ಹೋಗ್ತೀನಿ. ಸಾರಕ್ಕಿವರ್ಗೂ ನನ್ ಹಿಂದೇನೇ ಬನ್ನಿ" ಎಂದ. ಹೆಸರು ಕೇಳಿದೆ. ಮುನಿಯಣ್ಣ ಎಂದ.

ದೀಪ ಆರಿದ್ದು ಯಾಕೆಂದು ನಾನು ಇವರಿಗೆ ಬಿಡಿಸಿ ಹೇಳಿದೆ. "ಅಯ್ಯೋ, ಹೌದಲ್ಲೇ! ನನಗೆ ಹೊಳೀಲೇ ಇಲ್ಲ" ಎಂದು ಹಣೆ ಬಡಿದುಕೊಂಡರು. "ಇನ್ನು ಕೀ ಮುಟ್ಟಲ್ಲ ಬಿಡು" ಎಂದು ಮಾತು ಕೊಟ್ಟರು. ಆದರೂ ನಾನು ಕೀಲಿಯ ಮೇಲೆ ಕೈ ಇಟ್ಟುಕೊಂಡೇ ಕೂತೆ. ಮುನಿಯಣ್ಣನ ಲಾರಿ ಮುಂದೆ ಎತ್ತಿನಗಾಡಿಯಂತೆ ನಿಧಾನವಾಗಿ ಸಾಗಿತು. ಅವನ ಹಿಂದೆ ಏರು ಹತ್ತಿದೆವು. ಮತ್ತೆ ಇಳಿಜಾರು ಬಂತು.

ಇವರ ಕೈ ಗೇರನ್ನು ನ್ಯೂಟ್ರಲ್‌ಗೆ ತಂದು ನೇರವಾಗಿ ಕೀಲಿಗೆ ಬಂತು. ನನ್ನ ಬೆರಳು ತಾಗಿ ನಿಂತಿತು.

"ಇಲ್ಯಾಕೆ ಕೈ ಇಟ್ಕೊಂಡಿದ್ದೀಯೇ?" ಎಂದು ಕೇಳಿದರು. ತಮಾಷೆಗಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು.

ಲಾರಿ ಹಿಂದೆ ಬಂದಾಗ ಆಗದಿದ್ದ ಭಯ ಆಗ ಆಯಿತು.

"ಸುಮ್ನೆ" ಎಂದೆ. "ಚಳಿ ರೀ. ನೀವು ಆ ಲಾರಿ ಹಿಂದೇನೇ ಹೋಗಿ."

ಕೈ ತೆಗೆಯಲಿಲ್ಲ.