ಎದ್ದು ನಿಂತವಳು

ಹಳೇ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸಾಫ್ಟ್‌ವೇರ್ ಹೊರಗೆ ಹೋಗುವ ಮುಂಚೆ ಎಲ್ಲರೂ ಒಂದೆಡೆ ಸೇರುತ್ತಿದ್ದರು. ಯಾರಿಗಾದರೂ ಅನುಮಾನವಿದ್ದರೆ ಸುಮ್ಮನೆ ಎದ್ದು ನಿಲ್ಲಬೇಕು, ಕಾರಣ ಆಮೇಲೆ. ನಿಂತವರು ಸಮಾಧಾನವಾಗಿ ಕೂರುವ ತನಕ ಕೆಲಸ ಮುಂದೆ ಹೋಗುತ್ತಿರಲಿಲ್ಲ. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಪಂಪಿನ ಸಾಫ್ಟ್‌ವೇರ್ ಬರೆಯುವವರಿಗೆ ಅಷ್ಟಾದರೂ ಭಯ ಬೇಡವೇ?

ಆಮೇಲೆ ದೊಡ್ಡ ಕಂಪನಿ ಬಂದು ಇವರನ್ನು ಕೊಂಡುಕೊಂಡಿತು. ವಿಲೀನ ಅಂತ ಅದಕ್ಕೆ ಹೆಸರು. ಬೆಕ್ಕಿನ ಹೊಟ್ಟೆಯಲ್ಲಿ ಇಲಿ ವಿಲೀನವಾದ ಹಾಗೆ. ಅಲ್ಲಿಯವರು ಸಭೆಯಲ್ಲಿ ನಗುತ್ತಾರೆ, ತಲೆಯಾಡಿಸುತ್ತಾರೆ, ಬೇಡ ಅಂತ ಮಾತ್ರ ಅನ್ನುವುದಿಲ್ಲ. ಹಾಗೆ ಅಂದ ಒಬ್ಬ ಡಿಸೈನರ್ ಮಾರನೇ ಬೆಳಿಗ್ಗೆ ಬಂದರೆ ಅವನ ಕಾರ್ಡಿಗೆ ಗೇಟೇ ತೆರೆಯಲಿಲ್ಲ. ಅವತ್ತಿನಿಂದ ಹಳಬರ ಬಾಯಿಗೂ ಬೀಗ ಬಿತ್ತು.

ಟೆಸ್ಟಿಂಗ್ ಅಕ್ಕ ಆ ದಿನ ಸಭೆಗೆ ಬರುವಾಗಲೇ ಬೆವರಿದ್ದಳು. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಿಂದಿನ ದಿನ ಬ್ಯಾಟರಿ ಬದಲಿಸಿದಾಗ ಪಂಪು ಅಷ್ಟು ಹೊತ್ತು ಕೊಟ್ಟ ಔಷಧಿಯನ್ನೇ ಮರೆತು, ಪೂರ್ತಿ ಡೋಸನ್ನು ಮತ್ತೆ ಮೊದಲಿಂದ ಕೊಡತೊಡಗಿತ್ತು. ಆಮೇಲೆ ಅವಳು ತಲೆಕೆಳಗಾಗಿ ನಿಂತು ಪರೀಕ್ಷಿಸಿದರೂ ಮತ್ತೆ ಹಾಗಾಗಲಿಲ್ಲ. ದೊಡ್ಡ ಕಂಪನಿಯಿಂದ ಬಂದ ಹೊಸ ಮೇಡಂ ನಕ್ಕು, "ಒಂದ್ ಸಲ ಆಗಿದ್ದಕ್ಕೆಲ್ಲ ತಲೆ ಕೆಡಿಸ್ಕೋಬಾರ್ದು," ಅಂದಿದ್ದರು. ಮನೆಯಲ್ಲಿ ಗಂಡನಿಗೆ ಕೆಲಸವಿಲ್ಲ. ಗೇಟು ತನಗೂ ತೆರೆಯದಿದ್ದರೆ?

"ಸರಿ, ಇವತ್ತೇ ಕಳಿಸ್ಬಿಡೋಣ," ಎಂದರು ಮೇಡಂ.

ಯೋಚನೆ ಮಾಡುವ ಮೊದಲೇ ಅಕ್ಕ ಎದ್ದು ನಿಂತಿದ್ದಳು.

ಹಳಬರೆಲ್ಲ ಉಸಿರು ಬಿಗಿಹಿಡಿದರು. ಹೊಸಬರಿಗೆ ತಲೆಬುಡ ತಿಳಿಯಲಿಲ್ಲ. "ಏನಾದ್ರೂ ಬೇಕಿತ್ತಾ?" ಎಂದು ಕೇಳಿದ ಮೇಡಂ ಮುಖದಲ್ಲಿ ಆ ನಗು ಹಾಗೇ ಇತ್ತು. ಅಕ್ಕ ಪಕ್ಕದಲ್ಲೇ ಕೂತಿದ್ದ ದೊಡ್ಡಣ್ಣನ ಕಡೆ ನೋಡಿದಳು. ಹಳೇ ಕಂಪನಿ ಕಟ್ಟಿದವನು, ಆ ಪದ್ಧತಿ ತಂದವನು ಅವನೇ. ಈಗ ಸಲಹೆಗಾರ ಅನ್ನುವ ಹೆಸರಿಟ್ಟು ಮೂಲೆಗೆ ಕೂರಿಸಿದ್ದರು.

ದೊಡ್ಡಣ್ಣ ಮೇಜಿನ ಕೆಳಗೆ ಅವಳ ಕೈ ಹಿಡಿದು ಎಳೆದ. "ಕೂತ್ಕೋಮ್ಮ," ಎಂದು ಪಿಸುಗುಟ್ಟಿದ. "ನಿನ್ ದಮ್ಮಯ್ಯ."

ಅವನ ಕೈ ಅವಳ ಕೈಗಿಂತ ಜೋರಾಗಿ ನಡುಗುತ್ತಿತ್ತು. ಅದನ್ನು ಕಂಡು ಅವಳಿಗಿದ್ದ ಅಷ್ಟಿಷ್ಟು ಧೈರ್ಯವೂ ಇಳಿದುಹೋಯಿತು. ಅಕ್ಕ ಕೂತಳು.

ಸಭೆ ಮುಗಿಸಿ ಅವಳು ಹೊರಬಂದಾಗ, ಆಸ್ಪತ್ರೆಗಳಿಗೆ ಹೋಗಿ ಪಂಪು ಜೋಡಿಸುವ ಭಾವ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಅವನು ಯಾರಿಗೂ ಭಾವನಲ್ಲ, ಆದರೂ ಎಲ್ಲರಿಗೂ ಭಾವ. ಅವನೂ ಹಳಬನೇ, ಸಭೆಯಲ್ಲಿ ದೂರದ ತುದಿಯಲ್ಲಿ ಕೂತಿದ್ದ. ಹೇಗಾದರೂ ಇವನಿಗೆ ಹೇಳಿಬಿಡಬೇಕು ಎಂದು ಅವಳು ಹತ್ತಿರ ಹೋದಳು. ಭಾವ ಅವಳನ್ನು ಕಂಡು ಅಕ್ಕರೆಯಿಂದ ನಕ್ಕ.

"ಏನೂ ಹೆದರ್ಬೇಡಿ ಸಿಸ್ಟರ್, ಎಲ್ಲಾ ವಾರ್ಡಿಗೂ ಹಾಕ್ಕೊಳ್ಳಿ," ಎನ್ನುತ್ತಿದ್ದ ಫೋನಿಗೆ. "ನಮ್ಮಕ್ಕ ಎದ್ದು ನಿಂತಿದ್ಲು, ನನಗೂ ಜೀವ ಹೋದಂಗಾಗಿತ್ತು. ಆಮೇಲೆ ತಾನೇ ಕೂತ್ಲು. ಸರಿಯಿಲ್ದಿದ್ರೆ ಅವಳು ಸತ್ರೂ ಕೂರೋಳಲ್ಲ."